ಜೂನ್ 1ರಂದು ಹುಟ್ಟಿದವರು

ನಮ್ಮ ಕಾಲದ ಹಳ್ಳಿ ಶಾಲೆಯ ದಾಖಲಾತಿ ಪುಸ್ತಕ ತೆರೆದರೆ ಅರ್ಧ ಊರು ಜೂನ್ 1ರಂದೇ ಹುಟ್ಟಿದಂತೆ ಕಾಣುತ್ತದೆ. ಮಗುವನ್ನು ಸೇರಿಸಲು ಬಂದ ಅಪ್ಪನಿಗೆ ತಾರೀಖು ಎಲ್ಲಿಂದ ಗೊತ್ತಿರಬೇಕು? 'ಕೆರೆ ಕೋಡಿ ಬಿತ್ತಲ್ಲ ಸ್ವಾಮಿ, ಆ ವರ್ಷ' ಎನ್ನುತ್ತಿದ್ದ. ಮೇಷ್ಟ್ರು ಹುಡುಗನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ ನೋಡುತ್ತಿದ್ದರು. ಮುಟ್ಟಿತೋ, ಜೂನ್ 1. ನನ್ನದೂ ಅದೇ. (ಮೇ 31ರಂದು ಸರ್ಕಾರಿ ಕಚೇರಿಗಳಲ್ಲಿ ಸಾಲುಸಾಲು ಬೀಳ್ಕೊಡುಗೆ ನಡೆಯುವುದಕ್ಕೆ ಈ ಮೇಷ್ಟ್ರುಗಳೇ ಕಾರಣ.)

ಸುಳ್ಳೇನೋ ಹೌದು. ಆದರೆ ಯಾರ ಪಾಲನ್ನೂ ಕಸಿಯದ ಸುಳ್ಳು.

ಕೆಲವು ವರ್ಷಗಳ ಹಿಂದೆ ತಾಲ್ಲೂಕು ಮಟ್ಟದ ಪ್ರೌಢಶಾಲಾ ಕ್ರೀಡಾಕೂಟದಲ್ಲಿ ನನ್ನ ಕೈಗೊಂದು ಸ್ಟಾಪ್‌ವಾಚ್ ಕೊಟ್ಟು ನಿಲ್ಲಿಸಿದ್ದರು. 14 ವರ್ಷದೊಳಗಿನವರ 100 ಮೀಟರ್ ಓಟ. ಐದನೇ ಲೇನಿನವನ ಮೇಲ್ದುಟಿ ಹೊಸದಾಗಿ ಬೋಳಿಸಿ ಹಸಿರುಗಟ್ಟಿತ್ತು. ಪಕ್ಕದ ಬರಿಗಾಲಿನ ಹುಡುಗ ಅವನ ಭುಜಕ್ಕೂ ಬರುತ್ತಿರಲಿಲ್ಲ. 'ಎಷ್ಟನೇ ಕ್ಲಾಸೋ ಮರಿ?' ಎಂದು ಐದನೇ ಲೇನಿನವನನ್ನು ಕೇಳಿದೆ. 'ಎಂಟನೇ ಕ್ಲಾಸು ಸಾರ್.' ಧ್ವನಿ ಪೂರ್ತಿ ಒಡೆದಿತ್ತು. ಅರ್ಜಿಯಲ್ಲಿ ಫೋಟೊ ಇತ್ತು, ಹೆಡ್‌ಮಾಸ್ಟರರ ಸೀಲಿತ್ತು. ಓಟ ಅರ್ಧ ಆಗುವಷ್ಟರಲ್ಲೇ ಬರಿಗಾಲಿನವನು ವೇಗ ತಗ್ಗಿಸಿಬಿಟ್ಟ.

2015ರ ಡಿಸೆಂಬರಿನಲ್ಲಿ ದೆಹಲಿಯ ಪಟೌಡಿ ಉಪನ್ಯಾಸದಲ್ಲಿ ನಮ್ಮ ರಾಹುಲ್ ದ್ರಾವಿಡ್ ವಯಸ್ಸಿನ ಈ ಸುಳ್ಳನ್ನೇ ಎತ್ತಿಕೊಂಡಿದ್ದರು. ಕಿರಿಯರ ಕ್ರಿಕೆಟ್ಟಿನಲ್ಲಿ ವಯಸ್ಸು ತಿದ್ದುವುದೂ ಮ್ಯಾಚ್ ಫಿಕ್ಸಿಂಗೂ ಬೇರೆಬೇರೆಯಲ್ಲ ಎಂಬುದು ಅವರ ವಾದ. ಪ್ರಾಮಾಣಿಕ ಹುಡುಗ ಜಾಗ ಕಳೆದುಕೊಳ್ಳುತ್ತಾನೆ ಎಂಬುದು ಅದರ ಒಂದು ಮುಖ. ನನ್ನನ್ನು ಕಾಡಿದ್ದು ಇನ್ನೊಂದು. ಪ್ರಮಾಣಪತ್ರ ತಿದ್ದುವುದು ಹುಡುಗನಲ್ಲ, ಅಪ್ಪನೋ ಕೋಚೋ. ಮೋಸದ ಮೊದಲ ಪಾಠ ಅವನಿಗೆ ಸಿಗುವುದು ತಾನು ನಂಬಿದವರಿಂದಲೇ.

ಹುಡುಗರ 16ರೊಳಗಿನ ಕ್ರಿಕೆಟ್ಟಿಗೆ ಬಿಸಿಸಿಐ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತದೆ. ಎಡಗಿವಿ ಮುಟ್ಟಿಸುವುದಕ್ಕಿಂತ ಅದು ಮೇಲು, ಅಷ್ಟೆ. ಬೇಗ ಬಲಿಯುವ ಮಕ್ಕಳಿರುತ್ತಾರೆ, ಅವರ ಮೂಳೆಯೂ ಬೇಗ ಬಲಿಯುತ್ತದೆ. ದಾಖಲೆ ಸರಿಯಿದ್ದರೂ ಅಂಥವರು ಹೊರಗುಳಿಯಬಹುದು. ಹದಿಮೂರಕ್ಕೇ ಮೀಸೆ ಬಂದವರು ನಮ್ಮ ಮನೆಯಲ್ಲೇ ಇದ್ದಾರೆ.

ಐದನೇ ಲೇನಿನವನೂ ಅಂಥವನೇ ಇದ್ದಿರಬಹುದು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಎಷ್ಟನೇ ಕ್ಲಾಸು ಎಂದು ಕೇಳಿದಾಗ ಅವನು ಉತ್ತರ ಕೊಡುವ ಮುಂಚೆ ಹಗ್ಗದಾಚೆ ನಿಂತಿದ್ದ ತನ್ನ ಪಿ.ಟಿ. ಮೇಷ್ಟ್ರ ಮುಖ ನೋಡಿದ್ದ.