ಡಾಕ್ಟರ ಕೋಣೆಯಲ್ಲಿ ಒಂದು ರಾತ್ರಿಗೆ ಬಾಡಿಗೆ ಎಷ್ಟು?

‘ಬೂಟಿಕ್ ಹೋಟೆಲ್’ ಅಂದರೇನು ಅಂತ ಕೇಳುವವರಿಗೆ ಮೊದಲೇ ಹೇಳಿಬಿಡ್ತೀನಿ, ಇಲ್ಲಿ ಇಡ್ಲಿ-ವಡೆ ಸಿಗೋದಿಲ್ಲ! ನಮ್ಮ ಲಾಡ್ಜೇ, ಸ್ವಲ್ಪ ಸಿಂಗಾರ ಜಾಸ್ತಿ, ಬಾಡಿಗೆ ಇನ್ನೂ ಜಾಸ್ತಿ. ಅಮೆರಿಕದಲ್ಲಿ ಪೇಟೆ ನಡುವಿನ ಹಳೇ ಆಫೀಸು ಕಟ್ಟಡ ಖಾಲಿ ಬಿದ್ದರೆ ಬಹಳಷ್ಟು ಸಲ ಇದೇ ಆಗುತ್ತದೆ. "ಊರಿನ ಆಸ್ತಿಯನ್ನು ದುಡ್ಡಿದ್ದವರಿಗೆ ಕೊಟ್ಟುಬಿಟ್ಟರು" ಅನ್ನೋ ಗೊಣಗಾಟವೂ ಹಿಂದೆಯೇ ಬರುತ್ತದೆ. ನಾನು ಹೋಟೆಲಿನ ಪರ. ಆದರೆ ಒಂದು ತಕರಾರಿದೆ.

ಶಿಕಾಗೋದ ರಿಲಯನ್ಸ್ ಬಿಲ್ಡಿಂಗನ್ನೇ ತೊಗೊಳ್ಳಿ (ಅಂಬಾನಿಗಳಿಗೂ ಇದಕ್ಕೂ ಸಂಬಂಧ ಇಲ್ಲ). ಸ್ಟೇಟ್ ಮತ್ತು ವಾಷಿಂಗ್ಟನ್ ರಸ್ತೆ ಸೇರುವ ಮೂಲೆಯಲ್ಲಿದೆ. ಕಟ್ಟಿದ ಕತೆಯೇ ಮಜವಾಗಿದೆ. ಅಲ್ಲಿದ್ದ ಹಳೇ ಕಟ್ಟಡದ ಮೇಲಂತಸ್ತಿನವರ ಬಾಡಿಗೆ ಕರಾರು 1894ರ ತನಕ ಇತ್ತು. ಮಾಲೀಕ ವಿಲಿಯಂ ಹೇಲ್ ಕಾಯಲಿಲ್ಲ. 1890ರಲ್ಲೇ ಮೇಲಂತಸ್ತುಗಳಿಗೆ ಜಾಕ್ ಕೊಟ್ಟು ನಿಲ್ಲಿಸಿ, ಅದರಡಿಯಲ್ಲೇ ಹೊಸ ತಳಪಾಯ ಹಾಕಿಸಿಬಿಟ್ಟ! ವಿನ್ಯಾಸ ಶುರು ಮಾಡಿದ ಜಾನ್ ರೂಟ್ 1891ರಲ್ಲಿ ತೀರಿಕೊಂಡ. ಚಾರ್ಲ್ಸ್ ಆಟ್‌ವುಡ್ ಮುಂದುವರಿಸಿ, 1895ರಲ್ಲಿ ಕಟ್ಟಡ ಮುಗಿಯಿತು. ಭಾರವನ್ನೆಲ್ಲ ಉಕ್ಕಿನ ಚೌಕಟ್ಟೇ ಹೊತ್ತಿದ್ದರಿಂದ ದಪ್ಪ ಗೋಡೆ ಬೇಕಿರಲಿಲ್ಲ. ಎಲ್ಲಾ ಕಡೆ ದೊಡ್ಡ ದೊಡ್ಡ ಗಾಜು, ನಡುವೆ ಬಿಳಿ ಟೆರಾಕೋಟಾ. ಇವತ್ತಿನ ಬೆಂಗಳೂರಿನ ಗಾಜಿನ ಗೋಪುರಗಳಿಗೆ ಇದು ಮುತ್ತಜ್ಜ ಅನ್ನಬಹುದು.

ಒಳಗೆ ಇದ್ದವರಲ್ಲಿ ಹೆಚ್ಚಿನವರು ಡಾಕ್ಟರುಗಳು, ಹಲ್ಲಿನ ಡಾಕ್ಟರುಗಳು. ಚಿಕ್ಕ ಚಿಕ್ಕ ಕೋಣೆ, ಚೆನ್ನಾಗಿ ಬೆಳಕು. ಈಗಿನ ಕಂಪನಿಗಳಿಗೆ ಇಂಥದ್ದು ಬೇಡ, ನೂರು ಜನ ಒಟ್ಟಿಗೆ ಕೂರುವ ಹಾಲ್ ಬೇಕು. ಅದಕ್ಕಾಗಿ ಗೋಡೆಗಳನ್ನೆಲ್ಲ ಒಡೆದರೆ ಉಳಿಯೋದು ಬರೀ ಚಿಪ್ಪು. ಹೋಟೆಲಿಗಾದರೋ ಬೇಕಾಗಿರೋದೇ ಚಿಕ್ಕ ಕೋಣೆ, ಕಿಟಕಿ, ಉದ್ದ ಪಡಸಾಲೆ. 1999ರಲ್ಲಿ ಹೋಟೆಲ್ ಬರ್ನ್‌ಹ್ಯಾಮ್ ಅಂತ 122 ಕೋಣೆಗಳೊಂದಿಗೆ ತೆರೆದಾಗ ಮೊಸಾಯಿಕ್ ನೆಲ, ಮಂಜುಗಾಜಿನ ಬಾಗಿಲು ಎಲ್ಲಾ ತಮ್ಮ ತಮ್ಮ ಜಾಗದಲ್ಲೇ ಇದ್ದವು. (ಹೋಟೆಲಿನ ಹೆಸರು ಆಮೇಲೆ ಬದಲಾಗಿದೆ.)

ಇನ್ನೊಂದು ಮಾತು. 1976ರಲ್ಲೇ ಇದಕ್ಕೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಪಟ್ಟ ಸಿಕ್ಕಿತ್ತು. ಪಟ್ಟದಿಂದ ಮಾಡು ಸೋರೋದು ನಿಲ್ಲುತ್ತದೆಯೇ? ಕಟ್ಟಡ ಹಾಳಾಗುತ್ತಲೇ ಹೋಯಿತು. ಕೊನೆಗೆ 1994ರಲ್ಲಿ ನಗರಾಡಳಿತವೇ ಕೊಂಡು ಹೊರಮೈ ರಿಪೇರಿ ಮಾಡಿಸಿತು.

ನನ್ನ ತಕರಾರು ಇರುವುದೇ ಇಲ್ಲಿ. ಕೊಂಡಿದ್ದು ಜನರ ದುಡ್ಡಿನಲ್ಲಿ. ಈ ಕಟ್ಟಡ ಅಂತಲ್ಲ, ಆದಾಯ ತರುವ ಐತಿಹಾಸಿಕ ಕಟ್ಟಡವನ್ನು ನಿಯಮದ ಪ್ರಕಾರ ದುರಸ್ತಿ ಮಾಡಿದರೆ ಖರ್ಚಿನ ಶೇ. 20ರಷ್ಟು ತೆರಿಗೆ ರಿಯಾಯಿತಿ ಅಮೆರಿಕದ ಕೇಂದ್ರ ಸರ್ಕಾರದಿಂದ ಸಿಗುತ್ತದೆ. ಅದೂ ಜನರ ದುಡ್ಡೇ ತಾನೆ? ಇಷ್ಟು ಕೊಟ್ಟ ಮೇಲೆ ತಿಂಗಳಿಗೊಂದು ದಿನ, ಒಂದೇ ಒಂದು ಅಂತಸ್ತಿನ ಪಡಸಾಲೆಯನ್ನು ಬಂದವರಿಗೆಲ್ಲ ಬಿಟ್ಟಿಯಾಗಿ ತೋರಿಸಬೇಕು ಅಂತ ಕರಾರಿನಲ್ಲೇ ಬರೆಸಿಕೊಳ್ಳಬೇಕು. ತಂಗಿದವರಿಗೆ ತೊಂದರೆ ಆಗುತ್ತೆ ಅಂತಾರೆ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ, ಗುಂಪಿಗೆ ಹತ್ತೇ ಜನ ಅಂತ ಮಾಡಿದರಾಯ್ತು. ನೀವೇನಂತೀರಾ?