ಸುಳ್ಳೋಲೆಯ ಲಕ್ಷಣ

ಹಿಂದೆ ಹಳ್ಳಿಗೆ ತಂತಿ ಬಂದಿತೆಂದರೆ ಓದುವ ಮೊದಲೇ ಮನೆಮಂದಿಯ ಎದೆ ಹಾರುತ್ತಿದ್ದಿತು. ಆದರೆ ತಂದವನು ಪರಿಚಿತ ಅಂಚೆಯವನು. ಓದಿ ಹೇಳುವವರು ಶಾಲೆಯ ಮಾಸ್ತರರು. ಸುದ್ದಿಗೂ ಕೇಳುವವನಿಗೂ ನಡುವೆ ಬಲ್ಲವರೊಬ್ಬರು ಇರುತ್ತಿದ್ದರು. 2013ರ ಜುಲೈಯಲ್ಲಿ ತಂತಿಸೇವೆ ನಿಂತುಹೋಯಿತು. ಇಂದು ಶಿರೂರಿನ ಒಕ್ಕಲಿಗನ ಕಿಸೆಗೇ ಸಂದೇಶಗಳು ನೇರವಾಗಿ ಬಂದು ಬೀಳುತ್ತವೆ. ಆ ಬಲ್ಲವರು ಮಾತ್ರ ನಡುವಿನಿಂದ ಮಾಯವಾಗಿದ್ದಾರೆ. ವಂಚಕನಿಗೆ ಬೇಕಾದುದು ಈ ಏಕಾಂತವೇ.

2022ರಲ್ಲಿ ನಾಡಿನ ಹಲವೆಡೆ ಹಬ್ಬಿದ ಒಂದು ಸಂದೇಶವನ್ನು ನೋಡೋಣ. ಹಿಂದಿನ ತಿಂಗಳ ಬಿಲ್ಲು ದಾಖಲಾಗಿಲ್ಲ, ಇಂದು ರಾತ್ರಿ ಒಂಬತ್ತೂವರೆಗೆ ವಿದ್ಯುತ್ತನ್ನು ಕಡಿಯಲಾಗುವುದು, ಕೂಡಲೇ ಅಧಿಕಾರಿಗೆ ಫೋನು ಮಾಡಿರಿ ಎಂಬುದು ಅದರ ಸಾರಾಂಶ. ಕೆಳಗಿದ್ದುದು ಯಾರದೋ ಹತ್ತಂಕಿಯ ಮೊಬೈಲು ಸಂಖ್ಯೆ. ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದರ ಸ್ಥಾಯಿಭಾವ ಭಯ. ಅಧಿಕಾರದ ಸೋಗು, ಅವಸರ ಇವೆರಡೂ ಅದನ್ನು ಕೆರಳಿಸುವ ಸಾಧನಗಳು. ಬಹುಮಾನದ ಸಂದೇಶದಲ್ಲಿ ಭಯದ ಸ್ಥಾನದಲ್ಲಿ ಆಸೆ ಕೂಡುತ್ತದೆ. ಉಳಿದ ಕಟ್ಟೋಣವೆಲ್ಲ ಒಂದೇ.

ಈ ಕಪಟವನ್ನು ಶೈಲಿಯಿಂದಲೇ ಗುರುತಿಸಬಾರದೇಕೆ? ತನ್ನ ನುಡಿಯಲ್ಲಿ ಬಂದ ಸುಳ್ಳು ಕಾಗದವನ್ನು ನಮ್ಮ ಜನ ಎರಡು ಸಾಲಿನಲ್ಲಿಯೇ ಹಿಡಿಯಬಲ್ಲರು. ಆದರೆ ಬ್ಯಾಂಕುಗಳು ಕಳಿಸುವ ನಿಜವಾದ ಸಂದೇಶಗಳೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಬರುತ್ತವೆ. ನಿಜವೇ ತಿಳಿಯದವನಿಗೆ ಸುಳ್ಳು ತಿಳಿಯುವುದೆಂತು? ಗ್ರಾಹಕನಿಗೆ ಕನ್ನಡದಲ್ಲಿ ಬರೆಯುವುದು ಭಾಷಾಭಿಮಾನದ ಪ್ರಶ್ನೆಯಷ್ಟೇ ಅಲ್ಲ. ಅವನ ಗಂಟನ್ನು ಕಾಯುವ ಪ್ರಶ್ನೆಯೂ ಹೌದು.

ಹಾಗೆಂದು ಶುದ್ಧ ಕನ್ನಡವನ್ನೂ ಕಣ್ಣುಮುಚ್ಚಿ ನಂಬಲಾಗದು. ಇಂದು ಯಂತ್ರವೂ ತಿದ್ದಿದಂಥ ಕನ್ನಡ ಬರೆಯುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಆದುದರಿಂದ ಕೆಲವು ಹೊರಗುರುತುಗಳನ್ನು ತಿಳಿದಿರಬೇಕು. 2025ರಿಂದ ನೋಂದಾಯಿತ ಸಂಸ್ಥೆಗಳ ಸಂದೇಶಗಳಲ್ಲಿ ಕಳಿಸಿದವರ ಹೆಸರಿನ ಕೊನೆಗೆ ಒಂದು ಅಕ್ಷರವಿರುತ್ತದೆ: ಜಾಹೀರಾತಿಗೆ ‘ಪಿ’, ಸೇವೆಗೆ ‘ಎಸ್’, ವ್ಯವಹಾರಕ್ಕೆ ‘ಟಿ’, ಸರಕಾರಕ್ಕೆ ‘ಜಿ’. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಅದು ಕೊಡುವುದಕ್ಕೆ ಮಾತ್ರ. ಎಲ್ಲಕ್ಕಿಂತ ಮಿಗಿಲಾದ ನಿಯಮ ಒಂದು: ಸಂದೇಶ ತೋರಿದ ದಾರಿಯಲ್ಲಿ ಹೋಗಬಾರದು. ಅದರಲ್ಲಿಯ ಲಿಂಕನ್ನು ಒತ್ತದೆ, ಅದರಲ್ಲಿಯ ಸಂಖ್ಯೆಗೆ ಕರೆ ಮಾಡದೆ, ಪಾಸುಬುಕ್ಕಿನಲ್ಲಿ ಅಥವಾ ಹಳೆಯ ಬಿಲ್ಲಿನಲ್ಲಿ ಅಚ್ಚಾದ ಸಂಖ್ಯೆಗೆ ಕರೆಮಾಡಿ ವಿಚಾರಿಸಬೇಕು.

ಇಷ್ಟಾಗಿಯೂ ಮೋಸಹೋದರೆ ಗಳಿಗೆಗಳೂ ಅಮೂಲ್ಯ. ಕೂಡಲೇ ಬ್ಯಾಂಕಿಗೂ 1930 ಎಂಬ ಸಹಾಯವಾಣಿಗೂ ತಿಳಿಸಬೇಕು. ಬೇಗ ತಿಳಿಸಿದರೆ ಹಣ ಕೈಯಿಂದ ಕೈಗೆ ದಾಟುವ ಮೊದಲೇ ತಡೆಯುವ ಸಾಧ್ಯತೆಯುಂಟು. ಗುಟ್ಟಿನ ಸಂಖ್ಯೆಯನ್ನು ಗ್ರಾಹಕನೇ ಕೊಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟ ಅವನದು, ಅನಂತರದ್ದು ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕು 2017ರ ಜುಲೈಯ ಸುತ್ತೋಲೆಯಲ್ಲಿ ವಿಧಿಸಿತು. ಅಂದಮೇಲೆ ತಡಮಾಡಿದಷ್ಟೂ ನಷ್ಟದ ಭಾರ ಮೋಸಹೋದವನ ಹೆಗಲಿಗೇ ಬೀಳುತ್ತದೆ.

ತಡವಾಗುವುದು ಬಹುಶಃ ಅಜ್ಞಾನದಿಂದಲ್ಲ, ನಾಚಿಕೆಯಿಂದ. ಮಕ್ಕಳು ನಕ್ಕಾರು, ನೆರೆಯವರು ಆಡಿಕೊಂಡಾರು ಎಂಬ ಅಂಜಿಕೆಯಿಂದ ಹಿರಿಯರು ಬಾಯಿ ಬಿಡುವುದಿಲ್ಲ. ಆ ಮೌನ ವಂಚಕನಿಗೆ ಎರಡನೆಯ ಲಾಭ. ಕಳೆದುಕೊಂಡವರನ್ನು ಮೊದಲು ಬೈಯದೆ, ಮೊದಲು ಫೋನು ಮಾಡಿಕೊಡುವ ಮನೆಗಳು ಹೆಚ್ಚಿದರೆ, ಹಿಂದೆ ನಡುವೆ ಇರುತ್ತಿದ್ದ ಆ ಬಲ್ಲವರು ಮರಳಿ ಬಂದಂತೆಯೇ ಸರಿ.