ಹೆಪ್ಪು ತಡೆಯುವ ಮದ್ದೇ ಹೆಪ್ಪುಗಟ್ಟಿಸಿದರೆ?

ಕಲಬುರಗಿ ಕಡೆ ಪಾರ್ಶ್ವವಾಯುವಿಗೆ ಲಕ್ವಾ ಎನ್ನುವುದೇ ರೂಢಿ. ಲಕ್ವಾ ಹೊಡೆದು ಕೈಕಾಲು ಆಡದೆ ಮಲಗಿದವರ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದನ್ನು ತಡೆಯಲು ಕೆಲವರಿಗೆ ಹೆಪಾರಿನ್ ಚುಚ್ಚುಮದ್ದು ಕೊಡುತ್ತಾರೆ. 'ರಕ್ತ ತೆಳ್ಳಗಾಗುವ ಸೂಜಿ' ಎಂಬುದು ಬಾಯಿಮಾತು. ರಕ್ತವೇನೂ ನೀರಾಗುವುದಿಲ್ಲ, ಹೆಪ್ಪುಗಟ್ಟುವ ಗುಣ ತಗ್ಗುತ್ತದೆ, ಅಷ್ಟೆ.

ಈ ಮದ್ದಿನ ಸುಳಿವು ಸಿಕ್ಕಿದ್ದು ಒಬ್ಬ ವಿದ್ಯಾರ್ಥಿಗೆ. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಿದ್ದ ಜೇ ಮೆಕ್ಲೀನ್ ಹುಡುಕುತ್ತಿದ್ದದ್ದು ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು. ಕೈಗೆ ಬಂದದ್ದು ಅದಕ್ಕೆ ತದ್ವಿರುದ್ಧವಾದದ್ದು!

ವಿಚಿತ್ರವೆಂದರೆ, ಹೆಪಾರಿನ್ ಪಡೆದ ಕೆಲವೇ ಕೆಲವರಲ್ಲಿ ಅದೇ ಮದ್ದು ಹೊಸ ಹೆಪ್ಪುಗಳನ್ನು ಹುಟ್ಟಿಸುತ್ತದೆ. ರಕ್ತದ ಪ್ಲೇಟ್‌ಲೆಟ್ ಕಣಗಳಿಂದ ಹೊರಬೀಳುವ ಒಂದು ಪ್ರೋಟೀನಿಗೆ ಹೆಪಾರಿನ್ ಅಂಟಿಕೊಂಡಾಗ, ದೇಹ ಆ ಜೋಡಿಯನ್ನು ಶತ್ರುವೆಂದು ಬಗೆದು ಪ್ರತಿಕಾಯಗಳನ್ನು ತಯಾರಿಸುತ್ತದೆ. ಇವು ಪ್ಲೇಟ್‌ಲೆಟ್‌ಗಳನ್ನು ಕೆರಳಿಸುತ್ತವೆ. ಕೆರಳಿದ ಕಣಗಳು ಗುಂಪುಗೂಡಿ ಹೆಪ್ಪಾಗುತ್ತವೆ, ರಕ್ತದಲ್ಲಿ ಅವುಗಳ ಎಣಿಕೆ ಅರ್ಧಕ್ಕೂ ಕೆಳಗಿಳಿಯಬಹುದು. ಕಾಲು, ಶ್ವಾಸಕೋಶ, ಕೆಲವೊಮ್ಮೆ ಮತ್ತೆ ಮಿದುಳಿನ ರಕ್ತನಾಳವೇ ಮುಚ್ಚಿಕೊಳ್ಳುವ ಅಪಾಯವಿದೆ.

ಡೆಂಗಿ ಜ್ವರದಿಂದಾಗಿ ಪ್ಲೇಟ್‌ಲೆಟ್ ಎಂಬ ಮಾತು ಈಗ ಮನೆಮಾತು. ಎಣಿಕೆ ಇಳಿಯಿತೆಂದರೆ ರಕ್ತಸ್ರಾವದ ಭಯ, ಬಾಟಲಿಗಾಗಿ ಓಡಾಟ. ಇಲ್ಲಿ ಲೆಕ್ಕ ತಲೆಕೆಳಗು. ಎಣಿಕೆ ಇಳಿದಾಗ ಹೆಪ್ಪಿನ ಭಯವೇ ಹೆಚ್ಚು. ಹಾಗಾಗಿ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಏರಿಸುವುದಿಲ್ಲ. ಹೆಪಾರಿನ್ ಪೂರ್ತಿ ನಿಲ್ಲಿಸಿ, ಹೆಪ್ಪು ತಡೆಯುವ ಬೇರೆ ಜಾತಿಯ ಮದ್ದು ಕೊಡುತ್ತಾರೆ. ಸೂಜಿನಳಿಕೆ ಕಟ್ಟದಿರಲೆಂದು ಹಾಯಿಸುವ ಚೂರು ಹೆಪಾರಿನ್ ಕೂಡ ನಿಲ್ಲಬೇಕು.

ತೊಡಕಿರುವುದು ದಿನಗಳಲ್ಲಿ. ಎಣಿಕೆ ಬೀಳುವುದು ಸಾಮಾನ್ಯವಾಗಿ ಮದ್ದು ಆರಂಭಿಸಿದ 5ರಿಂದ 10 ದಿನಗಳೊಳಗೆ. ಹಿಂದಿನ ಕೆಲ ವಾರಗಳಲ್ಲಿ ಹೆಪಾರಿನ್ ಪಡೆದಿದ್ದವರಲ್ಲಿ ಒಂದೇ ದಿನದಲ್ಲೂ ಬೀಳಬಹುದು. ಕಮಲಾಪುರದ ರೈತರೊಬ್ಬರು ಕಲಬುರಗಿಯ ಆಸ್ಪತ್ರೆಯಲ್ಲಿ ಐದು ದಿನ ಮಲಗಿ ಆರನೆಯ ದಿನ ಊರಿಗೆ ಮರಳಿದರೆನ್ನಿ. ಅಪಾಯದ ದಿನಗಳು ಕಳೆಯುವುದು ಮನೆಯಲ್ಲೇ. ಮದ್ದು ನಿಲ್ಲಿಸಿದ ಮೇಲೂ ತೊಂದರೆ ತಲೆದೋರುವುದುಂಟು. ಒಂದು ಕಾಲು ಊದಿ ನೋಯುವುದು, ಹಠಾತ್ ಉಬ್ಬಸ, ಎದೆನೋವು, ಮತ್ತೆ ಮಾತು ತೊದಲುವುದು ಇವನ್ನು ಲಕ್ವಾದ ಸುಸ್ತೆಂದು ಎಣ್ಣೆ ತಿಕ್ಕುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹಳ್ಳಿಯ ಎಷ್ಟೋ ಮನೆಗಳಲ್ಲಿ ಆಸ್ಪತ್ರೆಯ ಇಂಗ್ಲಿಷ್ ಚೀಟಿ ಓದುವವರು ಹೈಸ್ಕೂಲು, ಕಾಲೇಜಿನ ಮಕ್ಕಳೇ. ಅವರು ಹುಡುಕಬೇಕಾದದ್ದು ಹೆಪಾರಿನ್ ಕೊಟ್ಟಿದ್ದಾರೆಯೇ, ಯಾವ ದಿನದಿಂದ, ಆಗ ಪ್ಲೇಟ್‌ಲೆಟ್ ಎಷ್ಟಿತ್ತು, ಕೊನೆಗೆಷ್ಟು ಎಂಬುದನ್ನು. ಬರೆದಿರದಿದ್ದರೆ ಬಿಡುಗಡೆಯ ದಿನವೇ ವೈದ್ಯರನ್ನು ಕೇಳಿ ಬರೆಸಿಕೊಳ್ಳಬಹುದು.